ನಿಂತ ನೀರಿಗೆ ಯಾವ ನಡೆ?

(ಉಡುಪಿಯಲ್ಲಿ ಕವಿತೆಯ ಓದುಗರೆದುರು ಆಡಿದ ಉಪನ್ಯಾಸ. ಬರಹಕ್ಕೆ ಇಳಿಸುವಾಗ ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಹೊಳೆಯ ಮೇಲೆ ಪದ್ಯ ಬರೆದಷ್ಟು ಸುಲಭವಾಗಿ ಕೆರೆಯ ಮೇಲೆ ಬರೆಯಲು ಬರುವುದಿಲ್ಲ. ಹೊಳೆಗೆ ಒಂದು ಕಥೆ ಇದೆ. ಸ್ವರ್ಣೆಯೋ, ಸೀತೆಯೋ, ನೇತ್ರಾವತಿಯೋ, ಯಾವುದಾದರೂ ಆಗಲಿ. ಘಟ್ಟದಲ್ಲಿ ಹುಟ್ಟುತ್ತದೆ, ಬಂಡೆಗೆ ಬಡಿಯುತ್ತದೆ, ಗದ್ದೆ ತೋಟಗಳ ಬದಿಯಲ್ಲಿ ಹಾಯುತ್ತದೆ, ಅಳಿವೆಯಲ್ಲಿ ಕಡಲು ಸೇರುತ್ತದೆ. ಕವಿ ಸುಮ್ನೆ ಜೊತೆಗೆ ಹೆಜ್ಜೆ ಹಾಕಿದರೂ ಪದ್ಯ ಮುಂದೆ ಹೋಗುತ್ತದೆ. ಕೆರೆಗೆ ಹೋಗಲು ಜಾಗವೇ ಇಲ್ಲ. ಮೊದಲ ಸಾಲಿನಲ್ಲಿ ಎಲ್ಲಿತ್ತೋ ಕೊನೆಯ ಸಾಲಿನಲ್ಲೂ ಅಲ್ಲೇ ಇರುತ್ತದೆ. ಪದ್ಯವಾದರೋ ನಡೆಯಲೇಬೇಕು, ನಡೆಯದಿದ್ದರೆ ಯಾರೂ ಎರಡನೇ ಸಾಲಿಗೆ ಬರುವುದಿಲ್ಲ. ಈ ಇಕ್ಕಟ್ಟಿನ ಬಗ್ಗೆಯೇ ಇವತ್ತು ಮಾತಾಡೋಣ.

ಇಕ್ಕಟ್ಟಿಗೆ ಸಿಕ್ಕವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಹೊಗಳುವ ಪದಗಳನ್ನು ಸಾಲಾಗಿ ಜೋಡಿಸುತ್ತಾರೆ. ಶಾಲೆಯ ವಾರ್ಷಿಕ ಸಂಚಿಕೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇಂಥ ಪದ್ಯಗಳು ಬೇಕಾದಷ್ಟು ಸಿಗುತ್ತವೆ. ಯಾರದ್ದೋ ಪದ್ಯವನ್ನು ಇಲ್ಲಿಗೆ ಎಳೆದು ತರುವುದು ಬೇಡ ಅಂತ ನಾನೇ ಒಂದು ಮಾದರಿ ಕಟ್ಟಿದ್ದೇನೆ:

ಸುಂದರ ಕೆರೆಯಿದು, ಮೋಹಕ ಕೆರೆಯಿದು,
ಚಂದದ ಕೆರೆಯಿದು, ಪಾವನ ಕೆರೆಯಿದು.

ಲೆಕ್ಕ ಹಾಕಿ ನೋಡಿ, ಒಂದೂ ಕುಂದಿಲ್ಲ. ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ, ಗಣ ಎಂದರೆ ಮಾತ್ರೆಗಳ ಗುಂಪು. ನಾಲ್ಕು ನಾಲ್ಕು ಮಾತ್ರೆಯ ಗಣ, ಸಾಲಿಗೆ ನಾಲ್ಕು ಗಣ. ‘ಸುಂದರ’, ‘ಚಂದದ’ ಸೇರಿ ಆದಿಪ್ರಾಸ, ಅಂದರೆ ಸಾಲುಗಳ ಎರಡನೇ ಅಕ್ಷರದ ಪ್ರಾಸ, ಆಯಿತು. ‘ಕೆರೆಯಿದು’ ನಾಲ್ಕು ಸಲ ಬಂತು, ಅಂದರೆ ಪುನರಾವರ್ತನೆಯೂ ಆಯಿತು. ಛಂದಸ್ಸು, ಪ್ರಾಸ, ಪುನರಾವರ್ತನೆ ಮೂರೂ ಇವೆ. ಕೆರೆ ಮಾತ್ರ ಇಲ್ಲ.

ಇಲ್ಲ ಅಂತ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ನನ್ನದು ಒಂದು ಸಣ್ಣ ಪರೀಕ್ಷೆ. ಎರಡನೇ ಸಾಲನ್ನು ಮೊದಲಿಗೆ ಹಾಕಿ ಓದಿ. ‘ಪಾವನ’ವನ್ನು ‘ಮೋಹಕ’ದ ಜಾಗಕ್ಕೆ ತನ್ನಿ. ಏನಾದರೂ ಕಳೆದುಹೋಯಿತೇ? ಇಲ್ಲ. ಇದನ್ನು ಮಣಿಪಾಲದ ಮಣ್ಣಪಳ್ಳದ ದಡದಲ್ಲಿ ನಿಂತು ಓದಬಹುದು, ಮಂಗಳೂರಿನ ಪಿಲಿಕುಳದಲ್ಲೂ ಓದಬಹುದು, ಕಾರ್ಕಳದ ರಾಮಸಮುದ್ರದಲ್ಲೂ ಓದಬಹುದು. ಎಲ್ಲ ಕೆರೆಗೂ ಒಪ್ಪುವ ಹೊಗಳಿಕೆ ಯಾವ ಕೆರೆಗೂ ಸಲ್ಲುವುದಿಲ್ಲ. ಸಾಲು ಅದಲು ಬದಲಾದಾಗ ಪದ್ಯಕ್ಕೆ ನೋವಾಗಬೇಕು. ಆಗ ಮಾತ್ರ ಅಲ್ಲಿ ಛಂದಸ್ಸು ಕೆಲಸ ಮಾಡುತ್ತಿದೆ ಎಂದು ನಂಬಬಹುದು.

ನನ್ನ ಮಟ್ಟಿಗೆ ಕೆರೆಯ ಪದ್ಯದಲ್ಲಿ ಹೊಗಳುವ ಕೆಲಸವನ್ನು ಪದಗಳಿಗಿಂತ ಜಾಸ್ತಿ ಮಾಡುವುದು ಪದ್ಯದ ನಡೆ. ಅದನ್ನು ತೋರಿಸಲು ಒಂದೇ ಕೆರೆಯನ್ನು ಇಟ್ಟುಕೊಳ್ಳುತ್ತೇನೆ. ವರಂಗದ ಕೆರೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ನೋಡಿರುತ್ತೀರಿ. ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಕೆರೆಯ ನಡುವೆ ಕಲ್ಲಿನ ಬಸದಿ, ಹಿಂದೆ ಘಟ್ಟದ ಸಾಲು, ಬಸದಿಗೆ ಹೋಗಬೇಕಾದರೆ ದೋಣಿಯೇ ಗತಿ.

ಮೊದಲು ಲೆಕ್ಕದ ಮಾತನ್ನು ಬೇಗ ಮುಗಿಸುತ್ತೇನೆ. ಶಾಲೆಯಲ್ಲಿ ಕಲಿತದ್ದೇ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವು ಗುರು, ಎರಡು ಮಾತ್ರೆ. ಮಾತ್ರೆಗಳನ್ನು ಮೂರು, ನಾಲ್ಕು, ಐದರ ಗುಂಪು ಮಾಡಿದರೆ ಗಣ. ಇಷ್ಟು ಸಾಕು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದವರೆಲ್ಲ ಮರೆತಿರುತ್ತಾರೆ, ಅದು ಅವರ ತಪ್ಪಲ್ಲ. ಗೆರೆ ಹಾಕುವುದನ್ನು ಕಲಿಸಿದರು, ಕೇಳುವುದನ್ನು ಕಲಿಸಲಿಲ್ಲ. ಈಗ ಕೇಳೋಣ.

ಮೂರರ ನಡೆ:

ಕೆರೆಯ | ನಡುವೆ | ಬಸದಿ | ಕಂಡೆ
ದೋಣಿ | ಹತ್ತಿ | ಹೋಗಿ | ಬಂದೆ

ಜೋರಾಗಿ ಓದಿ ನೋಡಿ. ನಗು ಬರುತ್ತದೆ ಅಲ್ವಾ? ಒಂದೇ ದಿನದಲ್ಲಿ ಹನ್ನೆರಡು ಜಾಗ ತೋರಿಸುವ ಪ್ರವಾಸದ ಬಸ್ಸಿನಿಂದ ಇಳಿದವರು ಬರೆದ ಹಾಗಿದೆ. ಮೂರರ ನಡೆಗೆ ಓಡುವ ಚಟ. ಉತ್ಸಾಹ ರಗಳೆ ಎಂದು ಹಳಬರು ಹೆಸರಿಟ್ಟದ್ದೇ ಈ ನಡೆಯ ಪದ್ಯಕ್ಕೆ. ಯುದ್ಧಕ್ಕೆ ಹೊರಟವರಿಗೆ, ಮಕ್ಕಳ ಆಟಕ್ಕೆ ಬಹಳ ಚೆನ್ನ. ಕೆರೆಯ ದಡದಲ್ಲಿ ಕೂರಿಸಿಕೊಳ್ಳುವ ತಾಳ್ಮೆ ಅದಕ್ಕಿಲ್ಲ.

ನಾಲ್ಕರ ನಡೆ:

ಕೆರೆಯಲಿ | ನಿಂತಿದೆ | ಕಲ್ಲಿನ | ಬಸದಿಯು
ಬೆಟ್ಟದ | ನೆರಳಿನ | ತಣ್ಣನೆ | ನೀರಲಿ

ಇದು ಸಮನಡೆ. ಎಡ ಬಲ, ಎಡ ಬಲ. ಎಲ್ಲೂ ಓಡುವುದಿಲ್ಲ, ಎಲ್ಲೂ ತಡೆಯುವುದಿಲ್ಲ. ಕೆರೆಯ ನಿಶ್ಚಲತೆ ಇದರಲ್ಲಿ ಸಿಗುತ್ತದೆ. ಆದರೆ ನೀರು ಅಲುಗಾಡುವುದು ಸಿಗುವುದಿಲ್ಲ. ಬಸದಿಯ ಕಲ್ಲಿಗೂ ನೀರಿಗೂ ಒಂದೇ ನಡೆಯಾಗಿಬಿಟ್ಟಿದೆ.

ಐದರ ನಡೆ:

ಕೆರೆಯೆದೆಯ | ನಡುವಿನಲಿ | ಮಲಗಿರುವ | ಮುಗಿಲುಗಳು
ದೋಣಿಯಲೆ | ತಾಕಿದರೆ | ಮೆಲ್ಲನೆಯೆ | ಸರಿಯುವುವು

ಇಲ್ಲಿ ಓದುವ ವೇಗ ತಾನಾಗಿ ಇಳಿಯಿತು, ಗಮನಿಸಿದಿರಾ? ಐದರಲ್ಲಿ ತೂಗುವ ಗುಣ ಇದೆ. ಲಲಿತ ರಗಳೆ, ವಾರ್ಧಕ ಷಟ್ಪದಿ ಎಲ್ಲ ಈ ನಡೆಯವು. ಲಕ್ಷ್ಮೀಶ ಜೈಮಿನಿ ಭಾರತವನ್ನು ವಾರ್ಧಕದಲ್ಲೇ ಬರೆದ. ಕೆರೆಗೆ ಇದು ಚೆನ್ನಾಗಿ ಹೊಂದುತ್ತದೆ, ಸ್ವಲ್ಪ ಜಾಸ್ತಿಯೇ ಹೊಂದುತ್ತದೆ. ಇಂಥ ಸಾಲುಗಳನ್ನು ಇಪ್ಪತ್ತು ಬರೆದರೆ ಕೇಳುವವರಿಗೆ ನಿದ್ದೆ ಬರುತ್ತದೆ.

ಯಕ್ಷಗಾನ ನೋಡುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ರೂಪಕ ತಾಳಕ್ಕೆ ಭಾಗವತರು ಪದ ಎತ್ತಿದರೆ ಮೂರರ ನಡೆ ಮೈಗೆ ತಾಗುತ್ತದೆ. ಝಂಪೆಯಲ್ಲಿ ಐದು, ತ್ರಿವುಡೆಯಲ್ಲಿ ಮೂರು ನಾಲ್ಕು ಸೇರಿ ಏಳು. ನಮ್ಮೂರಿನಲ್ಲಿ ಆಟ ನೋಡಿ ಬೆಳೆದ, ಅಕ್ಷರ ಓದಲು ಬಾರದ ಅಜ್ಜಂದಿರಿಗೂ ತಾಳ ತಪ್ಪಿದರೆ ತಕ್ಷಣ ಗೊತ್ತಾಗುತ್ತಿತ್ತು. ಛಂದಸ್ಸನ್ನು ‘ಗತಿ’ಯಿಂದ ಹಿಡಿಯಬೇಕು ಎಂದು ಹೊರಟು ‘ಛಂದೋಗತಿ’ ಎಂಬ ಪುಸ್ತಕವನ್ನೇ ಬರೆದ ಸೇಡಿಯಾಪು ಕೃಷ್ಣ ಭಟ್ಟರು ಈ ಸೀಮೆಯವರು ಎನ್ನುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಈಗ ಮೂರು ಮತ್ತು ನಾಲ್ಕು ಸೇರಿದ ನಡೆಗೆ ಬರುತ್ತೇನೆ. ಭಾಮಿನಿ ಷಟ್ಪದಿ. ಕುಮಾರವ್ಯಾಸನ ಛಂದಸ್ಸು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. ಮೂರನೇ ಮತ್ತು ಆರನೇ ಸಾಲಿನಲ್ಲಿ 3+4+3+4+3+4, ಅದರ ಮೇಲೆ ಒಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ. ಈ ಉಪನ್ಯಾಸಕ್ಕೆಂದೇ ನಾನು ಕಟ್ಟಿದ ಪದ್ಯ ಇದು:

ಕೆರೆಯ ನಡುವಲಿ ನಿಂತ ಬಸದಿಯ
ಅರಸಿ ಹೊರಟಿತು ಸಣ್ಣ ದೋಣಿಯು
ಬಿರಿದ ತಾವರೆ ಬಾಗಿ ದಾರಿಯ ಬಿಟ್ಟು ನಿಂದಿರಲು
ಗಿರಿಯ ನೆರಳನು ಸೀಳಿ ಸಾಗಲು
ಮರಳಿ ಕೂಡಿತು ಗಿರಿಯ ನೆರಳದು
ಇರಿದ ಗಾಯದ ಕಲೆಯು ಕಾಣದೆ ನೀರು ನೀರಾಯ್ತು

ಕವಿತೆಯಾಗಿ ಇದರ ಬೆಲೆ ಎಷ್ಟು ಎಂದು ನೀವು ತೀರ್ಮಾನಿಸಿ. ನಾನು ಇದನ್ನು ಬಿಚ್ಚಿ ತೋರಿಸಲು ತಂದಿದ್ದೇನೆ.

ಮೊದಲು ನಡೆ. ‘ಕೆರೆಯ’ ಮೂರು, ‘ನಡುವಲಿ’ ನಾಲ್ಕು, ‘ನಿಂತ’ ಮೂರು, ‘ಬಸದಿಯ’ ನಾಲ್ಕು. ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ. ದೋಣಿಯ ಹುಟ್ಟನ್ನು ನೀರಿಗೆ ಹಾಕುವಾಗ ಒಂದು ಹೊತ್ತು, ಎಳೆಯುವಾಗ ಅದಕ್ಕಿಂತ ತುಸು ಜಾಸ್ತಿ ಹೊತ್ತು ಹಿಡಿಯುತ್ತದಲ್ಲ, ಹಾಗೆ. ಈ ಏರುಪೇರು ಇರುವುದರಿಂದ ಪದ್ಯ ನಿಂತಲ್ಲೇ ನಿಂತರೂ ಅಲುಗುತ್ತಿರುತ್ತದೆ. ಕೆರೆಗೆ ಬೇಕಾದದ್ದೂ ಅದೇ. ಹರಿವು ಬೇಡ, ಅಲುಗಾಟ ಬೇಕು.

ಎರಡು ಗಿಡ್ಡ ಸಾಲುಗಳ ಮೇಲೆ ಒಂದು ಉದ್ದ ಸಾಲು ಬರುವುದೂ ಕೆರೆಯ ಪದ್ಯಕ್ಕೆ ಅನುಕೂಲ. ಮೊದಲ ಎರಡು ಸಾಲಿನಲ್ಲಿ ಕಣ್ಣು ಹತ್ತಿರ ಇರುತ್ತದೆ. ಬಸದಿ, ದೋಣಿ, ಅಷ್ಟೇ. ಮೂರನೆಯದರಲ್ಲಿ ಉಸಿರು ಉದ್ದಕ್ಕೆ ಹೋಗುತ್ತದೆ, ಕಣ್ಣೂ ಹೋಗುತ್ತದೆ. ಕೊನೆಯ ಗುರುವಿನ ಮೇಲೆ ನಿಲ್ಲುತ್ತದೆ. ‘ನಿಂದಿರಲು’ ಎಂಬಲ್ಲಿ ‘ಲು’ ಹ್ರಸ್ವ, ಆದರೆ ಪಾದದ ಕೊನೆಯಲ್ಲಿ ಇರುವುದರಿಂದ ಎಳೆದು ಹೇಳುತ್ತೇವೆ, ಗುರು ಎಂದೇ ಲೆಕ್ಕ. ಭಾಗವತರು ಭಾಮಿನಿಯನ್ನು ತಾಳವಿಲ್ಲದೆ ರಾಗ ಎಳೆದು ಹಾಡುವಾಗ ಈ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಮುಂದಿನ ಸಲ ಆಟಕ್ಕೆ ಹೋದಾಗ ಗಮನಿಸಿ.

ಇನ್ನು ನಾಲ್ಕು ಮತ್ತು ಐದನೇ ಸಾಲು. ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಗಿರಿಯ ನೆರಳು’ ಎರಡೂ ಸಾಲಿನಲ್ಲಿ ಇದೆ. ನಾಲ್ಕನೇ ಸಾಲಿನಲ್ಲಿ ಅದು ಮೊದಲ ಅರ್ಧದಲ್ಲಿ ಬರುತ್ತದೆ, ಸೀಳುವ ಕೆಲಸ ಎರಡನೇ ಅರ್ಧದಲ್ಲಿ. ಐದನೆಯದರಲ್ಲಿ ಕೂಡುವ ಕೆಲಸ ಮೊದಲು, ನೆರಳು ಆಮೇಲೆ. ಅಂದರೆ ನೆರಳು, ಸೀಳು, ಕೂಡು, ನೆರಳು. ಬೆಟ್ಟ ಮೇಲೆ, ಅದರ ತಲೆಕೆಳಗಾದ ರೂಪ ನೀರಿನಲ್ಲಿ. ಸಾಲುಗಳೂ ಹಾಗೇ ಒಂದಕ್ಕೊಂದು ತಲೆಕೆಳಗಾಗಿ ಕೂತಿವೆ. ‘ನೀರಿನಲ್ಲಿ ಬೆಟ್ಟದ ಬಿಂಬ ಎಷ್ಟು ಚಂದ’ ಎಂದು ಪದ್ಯ ಎಲ್ಲೂ ಹೇಳಿಲ್ಲ. ಎರಡೂ ಕಡೆ 3+4 ಇದ್ದುದರಿಂದ ಆ ಪದಗುಚ್ಛ ಒಂದು ಸಾಲಿನ ಎಡದಿಂದ ಇನ್ನೊಂದರ ಬಲಕ್ಕೆ ಸಲೀಸಾಗಿ ದಾಟಿತು. ಮಾತ್ರೆ ಸಮ ಇಲ್ಲದಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ನನ್ನ ಪರೀಕ್ಷೆಯನ್ನು ಇಲ್ಲಿ ಹಾಕಿ ನೋಡಿ. ಐದನೆಯದನ್ನು ನಾಲ್ಕರ ಜಾಗಕ್ಕೆ ತನ್ನಿ. ಸೀಳುವ ಮೊದಲೇ ನೆರಳು ಕೂಡಿಬಿಡುತ್ತದೆ, ಪದ್ಯ ಮುರಿಯುತ್ತದೆ.

ಕೊನೆಯಲ್ಲಿ ‘ನೀರು ನೀರಾಯ್ತು’. ಒಂದೇ ಪದ ಎರಡು ಸಲ. ಆದರೆ ಕಿವಿಗೆ ಒಂದೇ ಅಲ್ಲ. ಮೊದಲ ‘ನೀರು’ ಮೂರು ಮಾತ್ರೆಯ ಗಣದಲ್ಲಿ ಕೂತಿದೆ. ಎರಡನೆಯದು ‘ನೀರಾ’ ಎಂದು ದೀರ್ಘವಾಗಿ ನಾಲ್ಕರ ಗಣ ತುಂಬಿದೆ. ಕಲಕಿದ ನೀರು ಸ್ವಲ್ಪ ಗಿಡ್ಡ, ತಿಳಿಯಾದ ನೀರು ಸ್ವಲ್ಪ ಉದ್ದ. ಇದನ್ನು ಬರೆಯುವಾಗ ಯೋಚಿಸಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಛಂದಸ್ಸು ತಾನಾಗಿ ಕೊಟ್ಟದ್ದು. ಛಂದಸ್ಸಿನಲ್ಲಿ ಬರೆಯುವವರಿಗೆ ಹೀಗೆ ಪುಕ್ಕಟೆ ಸಿಗುವುದು ಬಹಳ ಇರುತ್ತದೆ.

ಪುಕ್ಕಟೆ ಸಿಗುವುದೆಲ್ಲ ಒಳ್ಳೆಯದೂ ಅಲ್ಲ. ‘ಸರೋವರ’ವನ್ನು ಭಾಮಿನಿಗೆ ತರಲು ಹೋಗಿ. ‘ಸರೋ’ ಮೂರು ಮಾತ್ರೆ ಸರಿ, ಆದರೆ ಲಘುವಿನ ಬೆನ್ನಿಗೇ ಗುರು. ಗಣ ಹೀಗೆ ಶುರುವಾದರೆ ಕನ್ನಡದ ನಡೆ ಎಡವುತ್ತದೆ. ಹಿಂದೆ ‘ವರ’ ಅಂಟಿಸಿ, ‘ವರಸ | ರೋವರ’. ಮೂರು, ನಾಲ್ಕು, ಗಡಿಯಾರದ ಹಾಗೆ ಕೂತುಬಿಟ್ಟಿತು! ಹಳೆಯ ಪದ್ಯಗಳಲ್ಲಿ ಅಲ್ಲಲ್ಲಿ ಕಾಣುವ ‘ವರ’, ‘ಘನ’, ‘ಚಾರು’ ಎಂಬ ಹೊಗಳಿಕೆಗಳಲ್ಲಿ ಎಷ್ಟು ಭಕ್ತಿಯಿಂದ ಬಂದವು, ಎಷ್ಟು ಮಾತ್ರೆ ತುಂಬಲು ಬಂದವು ಎಂದು ಕೇಳಿಕೊಂಡರೆ ತಪ್ಪಿಲ್ಲ. ನನ್ನ ‘ದೋಣಿಯು’ ಎಂಬಲ್ಲಿರುವ ‘ಯು’ವಿಗೂ ಅದೇ ಕೆಲಸ.

ಪ್ರಾಸದ ವಿಷಯಕ್ಕೆ ಬರುತ್ತೇನೆ. ಪದ್ಯದ ಆರೂ ಸಾಲಿನ ಎರಡನೇ ಅಕ್ಷರ ನೋಡಿ. ಕೆರೆ, ಅರಸಿ, ಬಿರಿದ, ಗಿರಿ, ಮರಳಿ, ಇರಿದ. ಎಲ್ಲ ಕಡೆ ‘ರ’ಕಾರ, ಅದರ ಹಿಂದೆ ಹ್ರಸ್ವ. ಇದಕ್ಕೆ ಸಿಂಹಪ್ರಾಸ ಎಂದು ಹೆಸರು. ಹಿಂದಿನ ಅಕ್ಷರ ದೀರ್ಘವಾದರೆ ಗಜ, ಸೊನ್ನೆ ಬಂದರೆ ವೃಷಭ. ಹೀಗೆ ಆರು ಪ್ರಾಸಗಳಿಗೆ ಆರು ಪ್ರಾಣಿಗಳ ಹೆಸರನ್ನು ಹತ್ತನೇ ಶತಮಾನದಲ್ಲೇ ನಾಗವರ್ಮ ತನ್ನ ಛಂದೋಂಬುಧಿಯಲ್ಲಿ ಕೊಟ್ಟಿದ್ದಾನೆ. ಸಿಂಹ, ಆನೆ, ಎತ್ತು, ಕುದುರೆ, ಆಡು, ಶರಭ. ಎಲ್ಲ ಬಿಟ್ಟು ಆಡು ಯಾಕೆ ಬಂತು ಎಂದು ಹುಡುಗನಾಗಿದ್ದಾಗ ನನಗೆ ಭಾರೀ ಕುತೂಹಲ.

ಇಂಗ್ಲಿಷ್ ಪದ್ಯ ಓದಿ ರೂಢಿಯಾದವರಿಗೆ ಪ್ರಾಸ ಎಂದರೆ ಸಾಲಿನ ಕೊನೆ. ಕನ್ನಡದಲ್ಲಿ ನೂರಾರು ವರ್ಷ ಪ್ರಾಸ ಇದ್ದದ್ದು ಸಾಲಿನ ಬಾಗಿಲಲ್ಲಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಅಂತ್ಯಪ್ರಾಸ ಮುಗಿಸುತ್ತದೆ, ‘ಸಾಲು ಮುಗಿಯಿತು’ ಎಂದು ಗಂಟೆ ಹೊಡೆಯುತ್ತದೆ. ಆದಿಪ್ರಾಸ ಶುರು ಮಾಡಿಸುತ್ತದೆ. ಸಾಲು ಎಲ್ಲಿಗೆ ಹೋದರೂ ಮತ್ತೆ ಹೊರಡುವುದು ಅದೇ ದಡದಿಂದ. ಕೆರೆಯ ಪದ್ಯಕ್ಕೆ ಅಂತ್ಯಪ್ರಾಸಕ್ಕಿಂತ ಆದಿಪ್ರಾಸ ಚೆನ್ನಾಗಿ ಒಗ್ಗುತ್ತದೆ ಎನ್ನಲು ನನಗೆ ಇದೇ ಕಾರಣ. ದಡ ಬಿಟ್ಟ ಸಾಲು ಪ್ರತಿ ಸಲ ‘ರ’ ಎಂಬ ದಡಕ್ಕೆ ಬಂದು ಮುಟ್ಟುತ್ತದೆ, ಆದರೆ ಕೇಳುವವನಿಗೆ ಅದು ಎದ್ದು ಕಾಣುವುದಿಲ್ಲ. ಈಗ ತಾನೇ ಪದ್ಯ ಓದಿದಾಗ ನಿಮ್ಮಲ್ಲಿ ಎಷ್ಟು ಜನರಿಗೆ ‘ರ’ ಕೇಳಿಸಿತು? ಕೇಳಿಸದಿದ್ದರೂ ಅದು ತನ್ನ ಕೆಲಸ ಮಾಡಿರುತ್ತದೆ.

ಆದರೆ ಇದೇ ಆದಿಪ್ರಾಸವನ್ನು ಬಿಟ್ಟುಬಿಡೋಣ ಎಂದು ಗಟ್ಟಿಯಾಗಿ ನಡೆದು ತೋರಿಸಿದವರೂ ನಮ್ಮ ಕರಾವಳಿಯವರೇ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತ್ಯಜಿಸಿ ಪದ್ಯ ಬರೆದರು. ಈಗ ಇದು ದೊಡ್ಡ ಸಂಗತಿ ಅನ್ನಿಸದು. ಆ ಕಾಲಕ್ಕೆ ಪ್ರಾಸ ಇಲ್ಲದ್ದನ್ನು ಪದ್ಯ ಎನ್ನಲು ಪಂಡಿತರಿಗೆ ಮನಸ್ಸು ಬರುತ್ತಿರಲಿಲ್ಲ. ಅವರ ಹೆಸರಿನ ಸಂಶೋಧನ ಕೇಂದ್ರ ಇಲ್ಲೇ ಎಂಜಿಎಂ ಕಾಲೇಜಿನ ಆವರಣದಲ್ಲಿದೆ. ಅದರ ಮುಂದೆ ಹಾದುಹೋಗುವ ನಾವು ಈ ಸಂಗತಿಯನ್ನು ನೆನೆಯುವುದು ಕಡಿಮೆ.

ಪೈಗಳು ಬಿಟ್ಟದ್ದು ಪ್ರಾಸವನ್ನು. ನಡೆಯನ್ನು ಬಿಡಲಿಲ್ಲ. ಈ ವ್ಯತ್ಯಾಸ ಮುಖ್ಯ. ಆರು ಸಾಲಿಗೆ ಆರು ‘ರ’ ಹುಡುಕುವ ಹೊತ್ತಿಗೆ ಹೇಳಬೇಕಾದದ್ದು ಎಲ್ಲೋ ಹೋಗಿರುತ್ತದೆ. ಪ್ರಾಸಕ್ಕಾಗಿ ಬಂದ ಪದ ಅರ್ಥವನ್ನು ಪಕ್ಕಕ್ಕೆ ತಳ್ಳುತ್ತದೆ. ನನ್ನ ಪದ್ಯದಲ್ಲೂ ‘ಇರಿದ’ ಎಂಬುದು ಮೊದಲು ಪ್ರಾಸಕ್ಕಾಗಿಯೇ ತಲೆಗೆ ಬಂದದ್ದು. ಆಮೇಲೆ ‘ಗಾಯ’ ಬಂತು, ‘ಕಲೆ’ ಬಂತು. ಪ್ರಾಸ ಇಲ್ಲದೆ ಹೋಗಿದ್ದರೆ ದೋಣಿ ನೀರನ್ನು ಇರಿಯುತ್ತದೆ ಎಂಬ ಯೋಚನೆಯೇ ನನಗೆ ಹೊಳೆಯುತ್ತಿರಲಿಲ್ಲ. ಅಂದರೆ ಪ್ರಾಸ ಕೆಡಿಸುವುದೂ ಉಂಟು, ಕೊಡುವುದೂ ಉಂಟು. ದಿನಾ ಕಡ್ಡಾಯ ಮಾಡಿದರೆ ಕೆಡಿಸುವುದೇ ಜಾಸ್ತಿ. ಪೈಗಳ ನಿರ್ಧಾರ ಸರಿಯಾಗಿತ್ತು ಎಂದೇ ನಾನು ತಿಳಿದಿದ್ದೇನೆ, ಆದರೂ ಕೆರೆ ಕಂಡರೆ ಮಾತ್ರ ಹಳೆಯ ಪ್ರಾಸ ನೆನಪಾಗುತ್ತದೆ.

ಪ್ರಾಸ ಬಿಡುವುದು ಎಷ್ಟು ಕಷ್ಟ ಎನ್ನುವುದಕ್ಕೆ ಇನ್ನೊಂದು ಉದಾಹರಣೆಯೂ ನಮ್ಮಲ್ಲಿದೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ. ಇದೇ ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಮೇಷ್ಟ್ರು. ಅವನ ರಾಮಾಶ್ವಮೇಧದಲ್ಲಿ ಬರುವ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂಬ ಮಾತು ಎಲ್ಲರಿಗೂ ಬಾಯಿಗೆ ಬರುತ್ತದೆ. ಯಾಕೆ ಬಾಯಿಗೆ ಬರುತ್ತದೆ? ಮಾತ್ರೆ ಎಣಿಸಿ. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ನಾಲ್ಕರಲ್ಲೂ ಪ್ರಾಸ. ಪದ್ಯವನ್ನು ಕೊಲ್ಲಬೇಕು ಎಂದು ಹೇಳಲು ಬಂದ ಮಾತು ಪದ್ಯವಾಗಿಯೇ ಬಂತು. ಮುದ್ದಣನಿಗೆ ಇದು ಗೊತ್ತಿರಲಿಲ್ಲ ಎಂದು ನಾನಂತೂ ನಂಬುವುದಿಲ್ಲ.

ಇನ್ನು ಪುನರಾವರ್ತನೆ. ತುಳುನಾಡಿನಲ್ಲಿ ಕೂತು ಪುನರಾವರ್ತನೆಯ ಬಗ್ಗೆ ಪುಸ್ತಕ ನೋಡಿ ಮಾತಾಡುವ ಅಗತ್ಯ ಇಲ್ಲ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹೇಳುವ ‘ಓ ಬೇಲೆ’ ಹಾಡನ್ನು ಕೇಳಿದವರು ಇಲ್ಲಿ ಇನ್ನೂ ಇದ್ದೀರಿ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಮತ್ತೆ ಮತ್ತೆ ಬರುವುದು ಕೈ ಕೆಲಸಕ್ಕೆ ಜೊತೆಯಾಗಿ. ಎತ್ತುವವರಿಗೆ ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಪುರುಸೊತ್ತು ಕೂಡ ಸಿಗುತ್ತದೆ. ಅಲ್ಲಿ ಸೊಲ್ಲಿಗೆ ಪ್ರತಿ ಸಲ ಹೊಸ ಅರ್ಥ ಬರಬೇಕು ಎಂದೇನೂ ಇಲ್ಲ. ಗದ್ದೆ ಮುಂದೆ ಹೋಗುತ್ತಿರುತ್ತದೆ, ನೇಜಿಯ ಸಾಲು ಬೆಳೆಯುತ್ತಿರುತ್ತದೆ, ಅಷ್ಟು ಸಾಕು.

ಕೂತು ಓದುವ ಪದ್ಯಕ್ಕೆ ಆ ಗದ್ದೆ ಇಲ್ಲ. ಆದ್ದರಿಂದ ಅಲ್ಲಿ ಮರಳಿ ಬಂದ ಸಾಲು ಬದಲಾಗಿಯೇ ಬರಬೇಕು. ಪದ ಬದಲಾಗಬೇಕಾಗಿಲ್ಲ, ಸುತ್ತಲಿನದು ಬದಲಾದರೆ ಆಯಿತು. ಮತ್ತೆ ವರಂಗಕ್ಕೇ ಹೋಗೋಣ. ಈ ಸಲ ಮಕ್ಕಳ ಹಾಡಿನ ಧಾಟಿ, ನಾಲ್ಕರ ನಡೆ:

ಬೆಟ್ಟದ ತಲೆಯಲಿ ಮೋಡವು ಕೂತಿದೆ
ದೋಣಿಯು ಬರಲಿದೆ ಕಾಯೋಣ
ಮೋಡವು ಇಳಿಯಿತು ಕೆರೆಯೇ ಕಾಣದು
ದೋಣಿಯು ಬರಲಿದೆ ಕಾಯೋಣ
ಬಂದಿತು ದೋಣಿಯು ಹೋದರು ಎಲ್ಲರು
ದೋಣಿಯು ಬರಲಿದೆ ಕಾಯೋಣ

ಮೊದಲ ಸಲ ಈ ಸಾಲು ದಡದಲ್ಲಿ ನಿಂತ ಯಾತ್ರಿಕರ ಮಾತು. ಬಿಸಿಲಿಲ್ಲ, ಅವಸರವಿಲ್ಲ, ಕಾಯೋಣ ಎನ್ನುತ್ತಾರೆ. ಎರಡನೇ ಸಲ ಮಳೆ ಮೋಡ ಇಳಿದಿದೆ, ಮಾತು ಅದೇ, ಧ್ವನಿಯಲ್ಲಿ ಸ್ವಲ್ಪ ಅಳುಕು. ಮೂರನೇ ಸಲ? ದೋಣಿ ಬಂತು, ಎಲ್ಲರೂ ಹೋದರು. ಹಾಗಾದರೆ ‘ಕಾಯೋಣ’ ಎಂದವರು ಯಾರು? ಸಭೆಯಲ್ಲಿ ಕೇಳಿದಾಗ ಮೂರು ಉತ್ತರ ಬಂತು. ಕೆರೆ ಎಂದರು ಒಬ್ಬರು. ಬಸದಿ ಎಂದರು ಇನ್ನೊಬ್ಬರು. ದೋಣಿ ತಪ್ಪಿಸಿಕೊಂಡ ಯಾರೋ ಒಬ್ಬ ಪಾಪದವ ಎಂದಳು ಮುಂದೆ ಕೂತ ಹುಡುಗಿ, ಎಲ್ಲರೂ ನಕ್ಕರು. ಮೂರೂ ನಡೆಯುತ್ತದೆ. ಹುಡುಗಿಯದು ನನಗೆ ಹೆಚ್ಚು ಹಿಡಿಸಿತು.

ಈ ಬಗೆಯ ಪುನರಾವರ್ತನೆ ಕಲಿಯಲು ವರಂಗದ ಕೆರೆ ಬಸದಿಗಿಂತ ಒಳ್ಳೆಯ ಜಾಗ ಇಲ್ಲ. ಅದು ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಮುಖ. ಸುತ್ತು ಬರುವಾಗ ಅದೇ ಕಲ್ಲಿನ ಗೋಡೆ ಮತ್ತೆ ಬಂತು, ಅದೇ ಬಾಗಿಲು ಮತ್ತೆ ಬಂತು ಅನ್ನಿಸುತ್ತದೆ. ಒಳಗೆ ನೋಡಿದರೆ ಒಂದು ಕಡೆ ಪಾರ್ಶ್ವನಾಥ, ಇನ್ನೊಂದು ಕಡೆ ನೇಮಿನಾಥ, ಮತ್ತೊಂದು ಕಡೆ ಶಾಂತಿನಾಥ, ಉಳಿದ ಕಡೆ ಅನಂತನಾಥ. ಬಾಗಿಲು ಮರಳಿ ಬಂತು, ತೀರ್ಥಂಕರ ಬೇರೆ. ನಾನು ಕಾಲೇಜಿನ ಹುಡುಗರಿಗೆ ಪಲ್ಲವಿಯ ಪಾಠ ಮಾಡುವಾಗ ಇದನ್ನೇ ಹೇಳುವುದು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಒಂದೆರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹಿರಿಯರು ಕೇಳಿದರು: ‘ಇದೆಲ್ಲ ಸರಿ ಮಾರಾಯ್ರೆ, ಆದರೆ ಅಡಿಗರು ಬಂದ ಮೇಲೆ ಈ ಲೆಕ್ಕವೆಲ್ಲ ಮುಗಿಯಿತಲ್ಲ?’ ಮೊಗೇರಿಯಲ್ಲಿ ಹುಟ್ಟಿ, ಮುಂದೆ ಇಲ್ಲಿನ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರ ಹೆಸರು ಉಡುಪಿಯಲ್ಲಿ ಬಾರದೆ ಇರುತ್ತದೆಯೇ! ನನ್ನ ಉತ್ತರ ಇಷ್ಟೇ. ಅಡಿಗರು ಸಾಲಿನ ಉದ್ದವನ್ನು ಮುರಿದರು, ಗಣದ ನಡೆಯನ್ನು ಪೂರ್ತಿ ಕೈಬಿಡಲಿಲ್ಲ. ಅವರ ನವ್ಯ ಕವಿತೆಗಳನ್ನೂ ಗಟ್ಟಿಯಾಗಿ ಓದಿ. ಮೂರು, ನಾಲ್ಕು, ಐದರ ಗಣಗಳು ಒಳಗೆ ಓಡಾಡುತ್ತಿರುವುದು ಕೇಳಿಸುತ್ತದೆ. ಅವರ ಹೆಸರು ಹೇಳಿಕೊಂಡು ಗದ್ಯವನ್ನು ತುಂಡು ಮಾಡಿ ಕೆಳಗೆ ಕೆಳಗೆ ಬರೆದವರ ವಿಷಯ ಬೇರೆ.

ಒಬ್ಬರು ಶಿಕ್ಷಕಿ, ‘ಮಕ್ಕಳಿಗೆ ಪ್ರಸ್ತಾರ ಹಾಕುವುದನ್ನು, ಅಂದರೆ ಲಘು ಗುರು ಗುರುತಿಸುವುದನ್ನು, ಹೇಗೆ ಕಲಿಸುವುದು, ಅವರಿಗೆ ಬೋರ್ ಆಗುತ್ತದೆ’ ಎಂದರು. ಮೊದಲು ಚಪ್ಪಾಳೆ ತಟ್ಟಿಸಿ ಎಂದೆ. ‘ಕೆರೆಯ ನಡುವೆ ಬಸದಿ ಕಂಡೆ’ ಎಂಬುದಕ್ಕೆ ಪ್ರತಿ ಗಣದ ಮೊದಲ ಅಕ್ಷರಕ್ಕೆ ಒಂದು ಚಪ್ಪಾಳೆ. ಆಮೇಲೆ ಅದೇ ವೇಗದಲ್ಲಿ ‘ಕೆರೆಯೆದೆಯ ನಡುವಿನಲಿ’. ಚಪ್ಪಾಳೆಗಳ ನಡುವೆ ಜಾಗ ಹೆಚ್ಚಾದದ್ದು ಅವರಿಗೇ ಗೊತ್ತಾಗುತ್ತದೆ. ಮಕ್ಕಳಲ್ಲಿ ಚೆಂಡೆ ಕಲಿಯುವವರು ಒಬ್ಬರಿದ್ದರೂ ಸಾಕು, ಆ ದಿನ ಪಾಠ ಮಾಡಬೇಕಾದ್ದು ನೀವಲ್ಲ. ಲಘು ಗುರುವಿನ ಗೆರೆ ಮರುದಿನಕ್ಕಿರಲಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ‘ಸಾರ್, ತುಂಬು ಪದಗಳನ್ನು ಬೈದಿರಿ. ನಿಮ್ಮ ಎರಡನೇ ಸಾಲಿನಲ್ಲಿ ಸಣ್ಣ ದೋಣಿ ಅಂತ ಇದೆ. ಆ ‘ಸಣ್ಣ’ ಮೂರು ಮಾತ್ರೆ ತುಂಬಲು ಬಂದದ್ದೇ ಅಲ್ವಾ? ‘ಒಂಟಿ ದೋಣಿಯು’ ಅಂದರೂ ಲೆಕ್ಕ ಸರಿಯಾಗುತ್ತದೆ, ಚಂದವೂ ಆಗುತ್ತದೆ.’ ಲೆಕ್ಕ ಸರಿಯಾಗುತ್ತದೆ, ನಿಜ. ‘ಸಣ್ಣ’ ಮೂರು, ‘ಒಂಟಿ’ಯೂ ಮೂರು. ಆದರೆ ‘ಒಂಟಿ’ ಎಂದ ಕೂಡಲೇ ಪದ್ಯಕ್ಕೆ ಒಂದು ದುಃಖ ಅಂಟಿಕೊಳ್ಳುತ್ತದೆ. ದೋಣಿಯಲ್ಲಿ ಹೋಗುವವರು ಹಣ್ಣುಕಾಯಿ ಹಿಡಿದುಕೊಂಡು, ಮಕ್ಕಳಿಗೆ ‘ಅಲುಗಾಡಬೇಡಿ’ ಎಂದು ಗದರಿಕೊಂಡು ಹೋಗುತ್ತಾರೆ, ಅಲ್ಲಿ ಒಂಟಿತನ ಎಲ್ಲಿಂದ ಬಂತು? ‘ಸಣ್ಣ’ಕ್ಕೆ ಎರಡು ಸಾಲು ಕೆಳಗೆ ಕೆಲಸ ಇದೆ. ಅಷ್ಟು ದೊಡ್ಡ ಗಿರಿಯ ನೆರಳನ್ನು ಸೀಳಿದ್ದು ಅಷ್ಟು ಸಣ್ಣ ದೋಣಿ. ಹೀಗೆ ಹೇಳಿದೆ. ಅವರು ಒಪ್ಪಲಿಲ್ಲ. ಕೈ ಎತ್ತಿ ನೋಡೋಣ ಎಂದರು ಯಾರೋ. ‘ಒಂಟಿ’ಯ ಕಡೆಗೇ ಕೈ ಜಾಸ್ತಿ ಎದ್ದವು. ಬರಹಕ್ಕೆ ಇಳಿಸುವಾಗ ನಾನು ‘ಸಣ್ಣ’ವನ್ನೇ ಉಳಿಸಿಕೊಂಡಿದ್ದೇನೆ.